ಶಿಕ್ಷಕರ ಸಂಬಳದಲ್ಲಿ ಬಾಡಿಗೆ ಮನೆ, ಮಕ್ಕಳಿಗೆ ಒಳ್ಳೆಯ ಶಾಲೆ: ಕೊಪ್ಪಳ ಜಿಲ್ಲೆಯಲ್ಲಿ ಹುಡುಕುವ ಬಗೆ

ವರ್ಗಾವಣೆ ಆದೇಶ ಕೈಗೆ ಬಂದರೆ ಶಿಕ್ಷಕರ ಮನೆಯಲ್ಲಿ ಎರಡು ಚಿಂತೆ ಒಟ್ಟಿಗೆ ಶುರುವಾಗುತ್ತವೆ: ಬಾಡಿಗೆ ಮನೆ ಎಲ್ಲಿ ಹಿಡಿಯುವುದು, ಮಕ್ಕಳನ್ನು ಯಾವ ಶಾಲೆಗೆ ಹಾಕುವುದು. ಬಹಳಷ್ಟು ಕುಟುಂಬಗಳು ಅಗ್ಗದ ಮನೆ ಸಿಕ್ಕ ಖುಷಿಯಲ್ಲಿ ಮುಂಗಡ ಕೊಟ್ಟುಬಿಡುತ್ತವೆ. ಆಮೇಲೆ ಆಟೊ, ವ್ಯಾನು, ಪೆಟ್ರೋಲು, ಟ್ಯಾಂಕರ್ ನೀರು ಎಂದು ಉಳಿಸಿದ ಹಣವೆಲ್ಲ ಸೋರಿಹೋಗುತ್ತದೆ. ಆದ್ದರಿಂದ ಶಾಲೆಯನ್ನು ಮೊದಲು ಗೊತ್ತುಮಾಡಿ, ಅದರ ಸುತ್ತ ಮನೆ ಹುಡುಕುವುದೇ ಸಂಬಳದಾರರಿಗೆ ಹಿತ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಈ ಕೆಲಸವನ್ನು ಕ್ರಮವಾಗಿ ಮಾಡುವ ಬಗೆ ಇಲ್ಲಿದೆ.

1. ಮನೆ ಬಾಡಿಗೆ ಭತ್ಯೆಯಿಂದ ಲೆಕ್ಕ ಶುರುಮಾಡಿ

2024ರ ಆಗಸ್ಟ್‌ನಿಂದ ಜಾರಿಯಾದ 7ನೇ ವೇತನ ಆಯೋಗದ ಪರಿಷ್ಕರಣೆಯಂತೆ ನಮ್ಮ ಜಿಲ್ಲೆಯ ಊರುಗಳಿಗೆ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 7.5. ಪ್ರಾಥಮಿಕ ಶಾಲಾ ಶಿಕ್ಷಕರ ವೇತನ ಶ್ರೇಣಿ ಆರಂಭವಾಗುವುದು ₹41,300ರಿಂದ. ಅಂದರೆ ಹೊಸದಾಗಿ ಸೇರಿದವರಿಗೆ ಸಿಗುವ ಭತ್ಯೆ ಸುಮಾರು ₹3,100. ₹54,175ರಿಂದ ಆರಂಭವಾಗುವ ಪ್ರೌಢಶಾಲಾ ಸಹಶಿಕ್ಷಕರಿಗೆ ₹4,060ರಷ್ಟು. ಪಟ್ಟಣದ ಎರಡು ಕೋಣೆಯ ಮನೆಗೆ ಇಷ್ಟು ಸಾಲದು. ಉಳಿದದ್ದನ್ನು ಸಂಬಳದಿಂದಲೇ ತುಂಬಬೇಕು.

ಎನ್‌ಪಿಎಸ್, ಕೆಜಿಐಡಿ, ಸಾಲದ ಕಂತು ಕಡಿತವಾಗಿ ಕೈಗೆ ಬರುವ ಮೊತ್ತವನ್ನು ಬರೆದುಕೊಳ್ಳಿ. ಬಾಡಿಗೆ, ಓಡಾಟ, ಶಾಲಾ ಶುಲ್ಕ ಮೂರೂ ಸೇರಿ ಅದರ ಮೂರನೇ ಒಂದು ಭಾಗ ಮೀರದಂತೆ ನೋಡಿಕೊಳ್ಳಿ. ಅತಿಥಿ ಶಿಕ್ಷಕರು ಮತ್ತು ಖಾಸಗಿ ಶಾಲೆಯ ಶಿಕ್ಷಕರಿಗೆ ಈ ಮಿತಿ ಇನ್ನೂ ಬಿಗಿ. ಅವರು ಶುಲ್ಕದ ಭಾರವನ್ನೇ ಇಳಿಸುವುದು ಜಾಣತನ: ಒಳ್ಳೆಯ ಸರ್ಕಾರಿ ಶಾಲೆ ಇರುವ ಓಣಿಯನ್ನೇ ಹುಡುಕಬೇಕು.

2. ನಾಲ್ಕು ಊರುಗಳ ಸ್ವಭಾವ ತಿಳಿಯಿರಿ

*ಕೊಪ್ಪಳ:* ಜಿಲ್ಲಾ ಕೇಂದ್ರ. ಕೇಂದ್ರೀಯ ವಿದ್ಯಾಲಯ, ಗವಿಮಠದ ಶಿಕ್ಷಣ ಸಂಸ್ಥೆಗಳು, ವೈದ್ಯಕೀಯ ಕಾಲೇಜು ಇಲ್ಲಿವೆ. ರೈಲು ಹಳಿಯಾಚೆಯ ಭಾಗ್ಯನಗರ ಊರಿಗೆ ಅಂಟಿಕೊಂಡಂತಿದ್ದರೂ ಅದು ಪ್ರತ್ಯೇಕ ಪಟ್ಟಣ ಪಂಚಾಯಿತಿ. ಹಾಗಾಗಿ ಅಲ್ಲಿನ ನಳದ ನೀರು, ಖಾತಾ, ತೆರಿಗೆಯ ವಿಚಾರವನ್ನು ಬೇರೆಯಾಗಿಯೇ ಕೇಳಬೇಕು. ಗಿಣಿಗೇರಿ ಕಡೆ ಮನೆ ನೋಡುವವರು ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳ ದೂಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 2025ರ ಫೆಬ್ರುವರಿಯಲ್ಲಿ ಗವಿಮಠದ ಶ್ರೀಗಳೊಂದಿಗೆ ಕೊಪ್ಪಳದ ಜನ ಬೀದಿಗಿಳಿದದ್ದು ಇಂಥ ಕಾರ್ಖಾನೆಯ ವಿಸ್ತರಣೆಯ ವಿರುದ್ಧವೇ. ಮಕ್ಕಳ ಉಸಿರಿನ ಪ್ರಶ್ನೆಯಲ್ಲಿ ಬಾಡಿಗೆಯ ರಿಯಾಯಿತಿಗೆ ಮರುಳಾಗಬೇಡಿ.

*ಗಂಗಾವತಿ:* ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬೆಳೆದ ಭತ್ತದ ಊರು. ವ್ಯಾಪಾರ ಜೋರು, ಖಾಸಗಿ ಶಾಲೆಗಳ ಆಯ್ಕೆಯೂ ಹೆಚ್ಚು. ಬಾಡಿಗೆಯಲ್ಲಿ ಚೌಕಾಸಿಗೆ ಎಡೆ ಕಡಿಮೆ. ಅಕ್ಕಿ ಗಿರಣಿಗಳ ಸಮೀಪದ ಮನೆಯಾದರೆ ಸುಗ್ಗಿಯ ಕಾಲದಲ್ಲಿ ಹೊಟ್ಟಿನ ಬೂದಿ, ಲಾರಿ ಓಡಾಟ ಹೇಗಿರುತ್ತದೆಂದು ಅಕ್ಕಪಕ್ಕದವರನ್ನು ವಿಚಾರಿಸಿ. ಕಾರಟಗಿ ದಾರಿಯ ಕ್ಯಾಂಪುಗಳ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಈ ಊರು ಅನುಕೂಲ.

*ಕುಷ್ಟಗಿ:* ವಿಜಯಪುರ–ಹೊಸಪೇಟೆ ಹೆದ್ದಾರಿಯ ಪಟ್ಟಣ. 2025ರ ಮೇ ತಿಂಗಳಿನಿಂದ ಹುಬ್ಬಳ್ಳಿಗೆ ರೈಲೂ ಓಡುತ್ತಿದೆ. ಮನೆಯಿಂದ ಶಾಲೆಗೆ ಹೋಗಲು ಮಗು ಹೆದ್ದಾರಿ ದಾಟಬೇಕೇ ಎಂಬುದೇ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ.

*ಯಲಬುರ್ಗಾ:* ಚಿಕ್ಕ ಊರು. ಶಾಲೆ, ಮನೆ, ಮಾರುಕಟ್ಟೆ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಶಾಲೆಗಳ ಆಯ್ಕೆ ಕಡಿಮೆಯಾದ್ದರಿಂದ ಕುಕನೂರನ್ನೂ ಸೇರಿಸಿ ನೋಡಿ.

3. ಶಾಲೆಯನ್ನು ಕಣ್ಣಾರೆ ಕಂಡು ಅಳೆಯಿರಿ

ಬಣ್ಣದ ಬ್ಯಾನರ್ ನೋಡಿ ತೀರ್ಮಾನಿಸಬೇಡಿ. ಶಾಲೆ ಹೇಗಿರಬೇಕೆಂದು ಶಿಕ್ಷಕರಿಗಿಂತ ಚೆನ್ನಾಗಿ ಬಲ್ಲವರು ಯಾರು? ಯುಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯ ದಾಖಲಾತಿ, ಶಿಕ್ಷಕರ ಸಂಖ್ಯೆ, ಸೌಲಭ್ಯಗಳ ವಿವರ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಈ ಅಳತೆಗೋಲನ್ನು ಖಾಸಗಿ ಶಾಲೆಗೂ ಹಿಡಿಯಿರಿ. ಆಮೇಲೆ ಶಾಲೆ ನಡೆಯುವ ದಿನವೇ ಹೋಗಿ. ಗಣಿತ, ಇಂಗ್ಲಿಷ್, ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ? ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿದೆಯೇ? ಗ್ರಂಥಾಲಯದ ಪುಸ್ತಕಗಳು ಮಕ್ಕಳ ಕೈಗೆ ಬರುತ್ತವೆಯೇ? ಶಾಲಾಭಿವೃದ್ಧಿ ಸಮಿತಿ ಚುರುಕಾಗಿದೆಯೇ? ಇಷ್ಟು ನೋಡಿದರೆ ಶಾಲೆಯ ನಾಡಿ ಸಿಗುತ್ತದೆ.

ಕಡಿಮೆ ಖರ್ಚಿನ ದಾರಿಗಳು ಹಲವಿವೆ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಬಹುದು. ಆದರ್ಶ ವಿದ್ಯಾಲಯಗಳು 6ನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಸುತ್ತವೆ. ಕೇಂದ್ರೀಯ ವಿದ್ಯಾಲಯದ ಆದ್ಯತಾ ಪಟ್ಟಿಯಲ್ಲಿ ರಾಜ್ಯ ಸರ್ಕಾರಿ ನೌಕರರ ಮಕ್ಕಳು ಮೂರನೇ ವರ್ಗದಲ್ಲಿ ಬರುತ್ತಾರೆ. ಪೋಷಕರ ವರ್ಗಾವಣೆಗಳ ಸಂಖ್ಯೆಯೂ ಲೆಕ್ಕಕ್ಕೆ ಬರುವುದರಿಂದ ಆ ಆದೇಶಗಳ ಪ್ರತಿ ಜೋಪಾನವಾಗಿಡಿ. ಆರ್‌ಟಿಇ ಸೀಟು ನಂಬಿ ಬಡಾವಣೆ ಆರಿಸಬೇಡಿ: 2019ರ ತಿದ್ದುಪಡಿಯ ನಂತರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ.

4. ನವೋದಯದ ಆಸೆ ಇದ್ದರೆ 3ನೇ ತರಗತಿಗೇ ಯೋಚಿಸಿ

ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಕುಕನೂರಿನಲ್ಲಿದೆ. 6ನೇ ತರಗತಿಯ ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ ಮೀಸಲು. ಈ ಮೀಸಲಾತಿ ಬೇಕೆಂದರೆ 3, 4 ಮತ್ತು 5ನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲೇ ಓದಿರಬೇಕು. ನಡುವೆ ಪಟ್ಟಣದ ಶಾಲೆಗೆ ಸೇರಿಸಿದರೆ ಈ ಅವಕಾಶ ತಪ್ಪುತ್ತದೆ. ಹಳ್ಳಿಯಲ್ಲಿ ಪಾಠ ಮಾಡುವ ಶಿಕ್ಷಕರು ತಮ್ಮ ಮಗುವನ್ನು ತಮ್ಮದೇ ಶಾಲೆಗೆ ಕರೆದೊಯ್ಯುವುದಕ್ಕೆ ಇದೊಂದು ಗಟ್ಟಿ ಕಾರಣ. ಜೊತೆಗೆ ಮೇಷ್ಟ್ರ ಮಗುವೇ ಕುಳಿತ ತರಗತಿಯ ಮೇಲೆ ಊರಿನ ನಂಬಿಕೆಯೂ ಹೆಚ್ಚುತ್ತದೆ.

5. ಬಾಡಿಗೆಯೊಂದನ್ನೇ ನೋಡದೆ ಒಟ್ಟು ಖರ್ಚು ಕೂಡಿಸಿ

ಒಂದು ಉದಾಹರಣೆ ಲೆಕ್ಕ ನೋಡಿ. ಶಾಲೆಯ ಹತ್ತಿರದ ಮನೆಗೆ ₹8,500 ಬಾಡಿಗೆ, ಪೆಟ್ರೋಲಿಗೆ ₹1,500: ಒಟ್ಟು ₹10,000. ಊರಾಚೆಯ ಹೊಸ ಲೇಔಟಿನಲ್ಲಿ ಬಾಡಿಗೆ ₹6,000. ಇಬ್ಬರು ಮಕ್ಕಳ ಆಟೊಗೆ ₹2,400, ಪೆಟ್ರೋಲಿಗೆ ₹2,500, ಟ್ಯಾಂಕರ್ ನೀರಿಗೆ ₹600: ಒಟ್ಟು ₹11,500. ಅಗ್ಗವೆನಿಸಿದ ಮನೆಯೇ ದುಬಾರಿಯಾಯಿತು. ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತ. ಹಾಗಾಗಿ ಶಿಕ್ಷಕಿಯರು ಬಸ್ ನಿಲ್ದಾಣಕ್ಕೆ ನಡೆದು ಹೋಗಬಹುದಾದ ಮನೆ ಹಿಡಿದರೆ ತಿಂಗಳ ಉಳಿತಾಯ ಕಣ್ಣಿಗೆ ಕಾಣುತ್ತದೆ.

6. ನೀರು ಮತ್ತು ಮೀಟರ್ ವಿಚಾರಿಸಿ

ನಳದಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ಮಾಲೀಕರನ್ನಷ್ಟೇ ಕೇಳಿದರೆ ಸಾಲದು. ಪಕ್ಕದ ಮನೆಯವರನ್ನೂ ಕೇಳಿ. ಕುಷ್ಟಗಿ, ಯಲಬುರ್ಗಾ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬೆಳೆಯುವ ಮಕ್ಕಳ ಹಲ್ಲು, ಮೂಳೆಗೆ ಇದರಿಂದ ಹಾನಿ. ಶುದ್ಧ ಕುಡಿಯುವ ನೀರಿನ ಘಟಕ ಹತ್ತಿರವಿದೆಯೇ, ಕೆಲಸ ಮಾಡುತ್ತಿದೆಯೇ ಎಂದು ಹೋಗಿ ನೋಡಿ. ಮನೆಗೆ ಪ್ರತ್ಯೇಕ ಜೆಸ್ಕಾಂ ಮೀಟರ್ ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಹಲವು ಮನೆಗಳಿಗೆ ಒಂದೇ ಮೀಟರ್ ಇದ್ದರೆ ಆ ಅನುಕೂಲ ಕಳೆದುಕೊಳ್ಳುತ್ತೀರಿ.

7. ಎಲ್ಲವನ್ನೂ ಬರವಣಿಗೆಯಲ್ಲಿ ಇಡಿ

11 ತಿಂಗಳ ಕರಾರಿನಲ್ಲಿ ಮುಂಗಡದ ಮೊತ್ತ, ಅದನ್ನು ಹಿಂದಿರುಗಿಸುವ ಅವಧಿ, ಬಾಡಿಗೆ ಏರಿಕೆಯ ಪ್ರಮಾಣ, ನೀರಿನ ಖರ್ಚು ಸ್ಪಷ್ಟವಾಗಿರಲಿ. ವರ್ಗಾವಣೆಯಾದರೆ ಒಂದು ತಿಂಗಳ ಸೂಚನೆ ಕೊಟ್ಟು ಮನೆ ಬಿಡಬಹುದು ಎಂಬ ಷರತ್ತನ್ನು ಮರೆಯದೆ ಸೇರಿಸಿ. ಬಾಡಿಗೆಯನ್ನು ಬ್ಯಾಂಕ್ ಖಾತೆಗೆ ಹಾಕಿ, ರಸೀದಿ ಪಡೆಯಿರಿ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಇದೇ ಆಧಾರ; ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ.

ಪ್ಲಾಟು ಕೊಳ್ಳುವ ಯೋಚನೆ ಇದ್ದರೆ ಆತುರ ಬೇಡ. ಪಟ್ಟಣ ವ್ಯಾಪ್ತಿಯಲ್ಲಾದರೆ ಇ–ಖಾತಾ, ಗ್ರಾಮ ಪಂಚಾಯಿತಿಯಲ್ಲಾದರೆ ನಮೂನೆ 9 ಮತ್ತು 11ಎ, ಜೊತೆಗೆ ಋಣಭಾರ ಪತ್ರ ಮತ್ತು ಲೇಔಟಿನ ಅನುಮೋದನೆ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

8. ಬೇಸಿಗೆ ರಜೆಯನ್ನು ಬಳಸಿಕೊಳ್ಳಿ

ಮಾರ್ಚ್‌ನೊಳಗೆ ಶಾಲೆಗಳ ಪಟ್ಟಿ ಎರಡು ಅಥವಾ ಮೂರಕ್ಕೆ ಇಳಿಯಲಿ. ತರಗತಿ ನಡೆಯುವಾಗಲೇ ಭೇಟಿ ಕೊಡಿ. ಮನೆ ಹುಡುಕಾಟ ಏಪ್ರಿಲ್–ಮೇನಲ್ಲಿ ನಡೆಯಲಿ. ನೀರಿನ ಬರ ತಿಳಿಯಲು ಅದೇ ಸರಿಯಾದ ಕಾಲ: ಮೇ ತಿಂಗಳಲ್ಲಿ ನೀರು ಸಿಗುವ ಮನೆಯಲ್ಲಿ ವರ್ಷವಿಡೀ ಬದುಕಬಹುದು. ಊರಿನ ಮಕ್ಕಳಿಗೆಲ್ಲ ಪಾಠ ಹೇಳುವವರ ಮಕ್ಕಳಿಗೂ ಒಳ್ಳೆಯ ಶಾಲೆ, ಶುದ್ಧ ನೀರು, ನಿಶ್ಚಿಂತೆಯ ಮನೆ ಸಿಗಬೇಕು. ಇದಕ್ಕಾಗಿ ಒಂದು ರಜೆಯನ್ನು ಪೂರ್ತಿ ವ್ಯಯಿಸಿದರೂ ನಷ್ಟವಿಲ್ಲ.