ಪಂಪು ಎಣ್ಣೆಗೆ ಎಷ್ಟು ಶಾಖ ಕೂಡಿಸುತ್ತದೆ?

ಆಯನೂರು ಸುತ್ತಿನ ತೋಟಗಳಿಗೆ ಟ್ರಾಕ್ಟರು, ಟಿಪ್ಪರ್ ಟ್ರೇಲರುಗಳು ಬಂದ ಮೇಲೆ ಗೊಬ್ಬರ, ಮಣ್ಣು ಹೊರುವ ಕಾಲದಲ್ಲಿ ಒಂದು ದೂರು ತಪ್ಪುವುದಿಲ್ಲ: "ಎಣ್ಣೆ ಸುಡುತ್ತದೆ, ಸೀಲು ಹೋಯಿತು." ಎಣ್ಣೆಯನ್ನು ಹಳಿಯುವ ಮೊದಲು ಸದಸ್ಯ ಬಾಂಧವರು ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕೆಂದು ನಮ್ಮ ಕೋರಿಕೆ.

ಪಂಪು ಒತ್ತಿ ಕಳಿಸಿದ ಎಣ್ಣೆ ಭಾರ ಎತ್ತಿದರೆ ಶಕ್ತಿ ಕೆಲಸಕ್ಕೆ ಸಂದಿತು. ಎತ್ತದೆ, ರಿಲೀಫ್ ವಾಲ್ವಿನ ಸಂದಿಯಲ್ಲಿ ನುಸುಳಿ ಟ್ಯಾಂಕಿಗೆ ಮರಳಿದರೆ ಅಷ್ಟೂ ಶಾಖವೇ.

ನಿಮಿಷಕ್ಕೆ ಹರಿಯುವ ಲೀಟರನ್ನು ಒತ್ತಡದ ಬಾರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ. (ಒಂದು ಬಾರ್ ಎಂದರೆ ಹೆಚ್ಚುಕಡಮೆ ಚದರ ಸೆಂಟಿಮೀಟರಿಗೆ ಒಂದು ಕಿಲೋ.) ಉದಾಹರಣೆಗೆ 20 ಲೀಟರ್, 150 ಬಾರ್ ಎನ್ನಿ: 5 ಕಿಲೋವಾಟ್. ಐದು ಇಸ್ತ್ರಿಪೆಟ್ಟಿಗೆಗಳನ್ನು ಎಣ್ಣೆಯಲ್ಲಿ ಅದ್ದಿಟ್ಟಂತೆ! ಒಂದು ಲೀಟರ್ ಎಣ್ಣೆ ಒಂದು ಡಿಗ್ರಿ ಬಿಸಿಯಾಗಲು ಸುಮಾರು 1.7 ಕಿಲೋಜೂಲ್ ಸಾಕು; 20 ಲೀಟರಿಗೆ 34. ಸೆಕೆಂಡಿಗೆ 5 ಕಿಲೋಜೂಲ್ ಸೇರುತ್ತಿದ್ದರೆ ಏಳು ಸೆಕೆಂಡಿಗೆ ಒಂದು ಡಿಗ್ರಿ, ನಿಮಿಷಕ್ಕೆ ಸುಮಾರು ಒಂಬತ್ತು. ಯಂತ್ರದ ಕಬ್ಬಿಣವೂ ಸ್ವಲ್ಪ ಶಾಖ ಹೀರುತ್ತದೆ, ನಿಜ. ಆದರೂ ಐದು ನಿಮಿಷದಲ್ಲಿ ಏನಾದೀತೆಂದು ನೀವೇ ಊಹಿಸಬಹುದು. ಬಿಸಿ ಎಣ್ಣೆ ತೆಳುವಾಗುತ್ತದೆ. ತೆಳುವಾದದ್ದು ಪಂಪಿನೊಳಗೇ ಹಿಂದಕ್ಕೆ ಸೋರಿ ಮತ್ತಷ್ಟು ಬಿಸಿಯಾಗುತ್ತದೆ. ಹಲವು ಟ್ರಾಕ್ಟರುಗಳಲ್ಲಿ ಗೇರುಗಳಿಗೂ ಇದೇ ಕೀಲೆಣ್ಣೆ ಎಂಬುದನ್ನು ಮರೆಯಬಾರದು.

1923ರಲ್ಲಿ ಕುಲುಮೆ ಹೊತ್ತಿದ ನಮ್ಮ ಭದ್ರಾವತಿಯದು ಕಬ್ಬಿಣದ ಊರು. ಉಕ್ಕಿನ ಕಾರ್ಖಾನೆಗಳ ದೊಡ್ಡ ಯಂತ್ರಗಳಲ್ಲಿ ಬೇರಿಂಗುಗಳಿಗೆ ಪಂಪಿನಿಂದಲೇ ಕೀಲೆಣ್ಣೆ ಸುತ್ತಿಸುತ್ತಾರೆ. ಒತ್ತಡ ಐದು ಬಾರ್ ಇದ್ದರೆ, ಪಂಪಿನ ನಷ್ಟ ಸೇರಿಸಿಯೂ ಒಂದು ಸುತ್ತಿಗೆ ಏರುವುದು ಅರ್ಧ ಡಿಗ್ರಿಯಷ್ಟೇ. ಆದರೆ ಎಣ್ಣೆ ಎಡೆಬಿಡದೆ ಸುತ್ತುತ್ತದೆ, ಬೇರಿಂಗಿನ ಶಾಖವೂ ಕೂಡುತ್ತದೆ. ಅದಕ್ಕೇ ನೀರಿನಿಂದ ತಂಪು ಮಾಡುವ ಕೂಲರ್.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪಿನ ಮಾತು ಬೇರೆ. ಗನ್ ಮುಚ್ಚಿದಾಗ 25 ಬಾರಿನಲ್ಲಿ ನಿಮಿಷಕ್ಕೆ 30 ಲೀಟರ್ ಡ್ರಮ್ಮಿಗೆ ಮರಳಿದರೂ 200 ಲೀಟರ್ ದ್ರಾವಣ ಒಂದು ಡಿಗ್ರಿ ಏರಲು ಹನ್ನೊಂದು ನಿಮಿಷ ಬೇಕು; ನೀರಿಗೆ ಲೀಟರಿಗೆ 4.2 ಕಿಲೋಜೂಲ್ ಬೇಕಲ್ಲ! ಹಾಗಿದ್ದೂ ಪಂಪಿನ ಮೈ ಕೈ ಇಡಲಾಗದಷ್ಟು ಸುಟ್ಟರೆ ಕ್ರ್ಯಾಂಕ್‌ಕೇಸಿನ ಎಣ್ಣೆಯ ಮಟ್ಟ, ಬೇರಿಂಗಿನ ಸವೆತ ನೋಡಿರಿ. ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಪಂಪು ಕೈಕೊಟ್ಟರೆ ಗೊನೆ ಉಳಿಯದು.

ಟ್ರೇಲರು ಪೂರ್ತಿ ಎದ್ದ ಮೇಲೂ ಚಾಲಕ ಲಿವರ್ ಹಿಡಿದೇ ಇದ್ದರೆ ವಾಲ್ವು ಕಿರುಗುಟ್ಟುತ್ತದೆ. ಆ ಸದ್ದು ಕೇಳಿದೊಡನೆ ಲಿವರ್ ಬಿಡಲು ಹೇಳಿರಿ.