ಬೀದಿ ಎಲ್ಲರದು

ಮನೆಯ ಹೊಸ್ತಿಲನ್ನು ದಾಟಿದೊಡನೆ ಬೀದಿ ಆರಂಭವಾಗುತ್ತದೆ. ಅದು ಯಾರೊಬ್ಬರ ಸೊತ್ತೂ ಅಲ್ಲ. ಶಾಲೆಗೆ ಹೋಗುವ ಬಾಲಕ, ಸಂತೆಗೆ ತರಕಾರಿ ಒಯ್ಯುವ ರೈತ, ಕಾರ್ಖಾನೆಯ ಪಾಳಿ ಮುಗಿಸಿ ಮರಳುವ ಹೆಣ್ಣುಮಗಳು, ಎಲ್ಲರೂ ಅದರ ಸಮಾನ ಒಡೆಯರು. ಭಾರತದ ಸಂವಿಧಾನವು ತನ್ನ 19ನೆಯ ವಿಧಿಯಲ್ಲಿ ದೇಶದ ಉದ್ದಗಲಕ್ಕೂ ಸ್ವತಂತ್ರವಾಗಿ ಸಂಚರಿಸುವ ಹಕ್ಕನ್ನು ಪ್ರತಿಯೊಬ್ಬ ಪ್ರಜೆಗೂ ನೀಡಿದೆ. ಲಿಂಗಭೇದದ ಕಾರಣದಿಂದ ಯಾರನ್ನೂ ರಸ್ತೆ, ಬಾವಿ, ಕೆರೆ ಮೊದಲಾದ ಸಾರ್ವಜನಿಕ ಸ್ಥಳಗಳಿಂದ ದೂರವಿರಿಸಕೂಡದೆಂದು 15ನೆಯ ವಿಧಿಯು ಸಾರುತ್ತದೆ. ಹೀಗಿದ್ದರೂ ಸಂಜೆಯ ಬಸ್ಸು ತಪ್ಪಿ ಮಗನು ತಡವಾಗಿ ಬಂದರೆ ಮನೆಯವರು ಊಟಕ್ಕೆ ಕರೆಯುತ್ತಾರೆ. ಮಗಳು ತಡವಾಗಿ ಬಂದರೆ ನೂರು ಪ್ರಶ್ನೆಗಳು ಅವಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸುತ್ತವೆ. ಕಾನೂನಿನ ಪುಟದಲ್ಲಿರುವ ಸಮಾನತೆಯು ಬೀದಿಗೆ ಇಳಿದು ಬರುವುದು ಹೇಗೆ?

ಈ ಪ್ರಶ್ನೆ ಸಣ್ಣದೆಂದು ತಿಳಿಯಬಾರದು. ಗೌರಿಬಿದನೂರು ತಾಲ್ಲೂಕಿನಲ್ಲಿ ಹರಳುಗಳ ಕೆಲಸಕ್ಕೆ ಹೆಸರಾದ ಅಲೀಪುರವೆಂಬ ಊರಿದೆ. ಅಲ್ಲಿಯದಾಗಲಿ, ಬೇರೆ ಯಾವ ಊರಿನದಾಗಲಿ, ಬಾಲಕಿಯೊಬ್ಬಳು ಪ್ರೌಢಶಾಲೆಯನ್ನು ಮುಗಿಸಿ ಮುಂದೆ ಓದಬೇಕಾದರೆ ದಿನವೂ ಬಸ್ಸನ್ನೋ ರೈಲನ್ನೋ ಹತ್ತಿ ಪಟ್ಟಣಕ್ಕೆ ಹೋಗಬೇಕಾಗಬಹುದು. ದಾರಿಯಲ್ಲಿ ಯಾರೋ ಒಬ್ಬನು ಅವಳನ್ನು ಹಿಂಬಾಲಿಸಿದನೆಂದು ಭಾವಿಸೋಣ. ವಿಷಯ ತಿಳಿದು ಹೆದರಿದ ಹಿರಿಯರು ‘ಓದಿದ್ದು ಸಾಕು’ ಎಂದುಬಿಡುತ್ತಾರೆ. ತಪ್ಪು ಮಾಡಿದವನು ಬೀದಿಯಲ್ಲೇ ಉಳಿಯುತ್ತಾನೆ. ತಪ್ಪು ಮಾಡದವಳು ಮನೆ ಸೇರುತ್ತಾಳೆ. ಅವಳು ಕಳೆದುಕೊಳ್ಳುವುದು ಒಂದು ಸಂಜೆಯ ತಿರುಗಾಟವನ್ನಲ್ಲ, ವಿದ್ಯೆಯನ್ನು, ಉದ್ಯೋಗವನ್ನು, ತನ್ನ ಬಾಳನ್ನು ತಾನೇ ರೂಪಿಸಿಕೊಳ್ಳುವ ಅವಕಾಶವನ್ನು.

ಅನ್ಯಾಯವನ್ನು ಮಾತಿನಿಂದಲೂ ಕಲೆಯಿಂದಲೂ ಎದುರಿಸುವುದು ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಮೊದಲಾದ ಶರಣೆಯರು ವಚನಗಳ ಮೂಲಕ ತಮ್ಮ ಸ್ವತಂತ್ರ ವ್ಯಕ್ತಿತ್ವವನ್ನು ಸಾರಿದರು. ಚಿಕ್ಕದೇವರಾಜ ಒಡೆಯರ ಕಾಲದ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವೆಂಬ ಕಾವ್ಯವನ್ನು ರಚಿಸಿ, ಹೆಣ್ಣನ್ನು ಹೀನಾಯವಾಗಿ ಕಾಣುವವರನ್ನು ನೇರವಾಗಿ ಪ್ರಶ್ನಿಸಿದಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ ಅವರು ಲೇಖನಿಯನ್ನು ಹಿಡಿದು ಕಾದಂಬರಿಗಳನ್ನು ಬರೆದರು, ಪತ್ರಿಕೆಯನ್ನು ನಡೆಸಿದರು. ಆದರೆ ಪುಸ್ತಕವು ಓದುಬಲ್ಲವರನ್ನು ಮಾತ್ರ ತಲುಪುತ್ತದೆ. ಓದುಬಾರದವರನ್ನೂ ತಲುಪಬಲ್ಲ ಮಾಧ್ಯಮವೊಂದು ಬೇಕಾಗಿತ್ತು. ಆ ಕೊರತೆಯನ್ನು ತುಂಬಿದ್ದು ಬೀದಿನಾಟಕ.

ಬೀದಿನಾಟಕಕ್ಕೆ ರಂಗಮಂದಿರ ಬೇಡ, ಪರದೆ ಬೇಡ, ಟಿಕೆಟ್ಟೂ ಬೇಡ. ನಾಲ್ಕು ದಾರಿ ಕೂಡುವಲ್ಲಿ ತಮಟೆಯ ಸದ್ದು ಕೇಳಿದರೆ ಜನ ಸೇರುತ್ತಾರೆ. ಜನ ಸೇರಿದರೆ ಅದೇ ರಂಗಸ್ಥಳ. ನಟನಿಗೂ ಪ್ರೇಕ್ಷಕನಿಗೂ ನಡುವೆ ಅಂತರವಿಲ್ಲದ ಕಾರಣ, ನಾಟಕದಲ್ಲಿ ಎದ್ದ ಪ್ರಶ್ನೆಯು ನೋಡುವವನ ಪ್ರಶ್ನೆಯೇ ಆಗುತ್ತದೆ. ಕರ್ನಾಟಕದಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ಸಂಘಟನೆಯ ಯುವಕ ಯುವತಿಯರು 1979ರಲ್ಲಿ ಜಾಥಾ ಹೊರಟು, ಊರೂರುಗಳಲ್ಲಿ ಹಾಡು ನಾಟಕಗಳ ಮೂಲಕ ಜನರ ನೋವನ್ನು ಜನರ ಮುಂದೆಯೇ ಇರಿಸಿದರು. ಅದೇ ವರ್ಷ ದೆಹಲಿಯ ‘ಜನ ನಾಟ್ಯ ಮಂಚ್’ ಹೆಣ್ಣಿನ ಬವಣೆಯನ್ನು ಕುರಿತ ‘ಔರತ್’ ಎಂಬ ಬೀದಿನಾಟಕವನ್ನು ಆಡಿತು. ಈ ಮಾರ್ಗ ಸುಗಮವಾಗಿರಲಿಲ್ಲ. ಆ ತಂಡದ ಸಫ್ದರ್ ಹಾಶ್ಮಿ ಅವರು 1989ರ ಜನವರಿ 1ರಂದು ನಾಟಕವಾಡುತ್ತಿದ್ದಾಗಲೇ ಹಲ್ಲೆಗೆ ಗುರಿಯಾಗಿ ಮರುದಿನ ಪ್ರಾಣಬಿಟ್ಟರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ಅವರು ತಂಡದೊಡನೆ ಅದೇ ಸ್ಥಳಕ್ಕೆ ಮರಳಿ, ಅರ್ಧಕ್ಕೆ ನಿಂತಿದ್ದ ನಾಟಕವನ್ನು ಆಡಿ ಮುಗಿಸಿದರು.

ಕಲೆಯೊಡನೆ ಅಕ್ಷರವೂ ಸೇರಿದಾಗ ಅದರ ಬಲ ಇಮ್ಮಡಿಯಾಗುತ್ತದೆ. ನೆರೆಯ ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದ ಹೆಂಗಸರು ಸಾಕ್ಷರತಾ ತರಗತಿಯ ಪುಸ್ತಕದಲ್ಲಿ ಒಂದು ಪಾಠವನ್ನು ಓದಿದರು. ಹಳ್ಳಿಯ ಮಹಿಳೆಯರು ಒಗ್ಗೂಡಿ ಹೆಂಡದಂಗಡಿಯನ್ನು ಮುಚ್ಚಿಸುವ ಕಥೆ ಅದು. ಕಥೆಯಲ್ಲಿ ನಡೆದದ್ದು ತಮ್ಮ ಊರಿನಲ್ಲಿ ಏಕೆ ನಡೆಯಬಾರದು ಎಂದು ಅವರು ಕೇಳಿಕೊಂಡರು. ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಅಲ್ಲಿಂದ ಹಬ್ಬಿದ ಚಳವಳಿಯ ಫಲವಾಗಿ 1993ರಲ್ಲಿ ಆ ರಾಜ್ಯವು ಸಾರಾಯಿ ಮಾರಾಟವನ್ನು ನಿಷೇಧಿಸಿತು. ಒಂದು ಪಾಠಕ್ಕೆ ಎಂತಹ ಶಕ್ತಿಯಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಹೊಸ ಶತಮಾನದಲ್ಲಿ ಬೆಂಗಳೂರಿನ ತರುಣಿಯರು ಇದೇ ಪರಂಪರೆಯನ್ನು ಬೇರೊಂದು ರೀತಿಯಲ್ಲಿ ಮುಂದುವರಿಸಿದರು. 2003ರಲ್ಲಿ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿನಿಯಾಗಿದ್ದ ಜಾಸ್ಮೀನ್ ಪಾಥೇಜಾ ಅವರು ‘ಬ್ಲ್ಯಾಂಕ್ ನಾಯ್ಸ್’ ಎಂಬ ಕಾರ್ಯವನ್ನು ಆರಂಭಿಸಿದರು. ‘ಚುಡಾಯಿಸುವುದು’ ಎಂಬ ಹಗುರವಾದ ಮಾತಿನಿಂದ ಒಂದು ಹಿಂಸೆಯನ್ನು ಮುಚ್ಚಿಹಾಕುವುದು ಸರಿಯಲ್ಲವೆಂಬುದು ಅವರ ವಾದ. ಈ ಕಾರ್ಯದಲ್ಲಿ ಪಾಲುಗೊಂಡ ತರುಣಿಯರು ಒಬ್ಬೊಬ್ಬರೂ ಒಂದೊಂದು ಅಕ್ಷರವನ್ನು ತಮ್ಮ ಉಡುಪಿನ ಮೇಲೆ ಅಂಟಿಸಿಕೊಂಡು, ಕೆಂಪು ದೀಪ ಬಿದ್ದಾಗ ರಸ್ತೆಯ ನಡುವೆ ಸಾಲಾಗಿ ನಿಂತರು. ಅಕ್ಷರಗಳನ್ನು ಕೂಡಿಸಿ ಓದಿದರೆ ‘ನನ್ನನ್ನೇಕೆ ನೋಡುತ್ತಿರುವೆ’ ಎಂಬ ಅರ್ಥ ಬರುತ್ತಿತ್ತು. ಕೂಗಿಲ್ಲ, ಜಗಳವಿಲ್ಲ. ದಿಟ್ಟಿಸುವುದೇ ತನ್ನ ಹಕ್ಕೆಂದು ತಿಳಿದವನು ತನ್ನ ನೋಟಕ್ಕೆ ತಾನೇ ಉತ್ತರ ಹೇಳಬೇಕಾಯಿತು.

ಹೆಣ್ಣಿಗೆ ಅವಮಾನವಾದಾಗಲೆಲ್ಲ ‘ಅವಳು ಎಂತಹ ಬಟ್ಟೆ ತೊಟ್ಟಿದ್ದಳು?’ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಈ ತಂಡವು ಉಡುಪುಗಳಿಂದಲೇ ಉತ್ತರ ಕೊಡಿಸಿತು. ಕಿರುಕುಳ ನಡೆದ ದಿನ ತಾವು ತೊಟ್ಟಿದ್ದ ಉಡುಪನ್ನು ಕಳುಹಿಸುವಂತೆ ಮಹಿಳೆಯರನ್ನು ಕೇಳಿಕೊಳ್ಳಲಾಯಿತು. ಬಂದ ಉಡುಪುಗಳಲ್ಲಿ ಎಲ್ಲ ಬಗೆಯವೂ ಇದ್ದವು. ದೋಷವು ಬಟ್ಟೆಯಲ್ಲಿಲ್ಲ, ನೋಡುವವನ ಮನಸ್ಸಿನಲ್ಲಿದೆ ಎಂಬುದಕ್ಕೆ ಅವು ಮೂಕಸಾಕ್ಷಿಗಳಾದವು.

ಗೌರಿಬಿದನೂರಿನಿಂದ ಬೆಂಗಳೂರಿಗೆ ಹೋಗುವ ರೈಲು ಹಾದುಹೋಗುವ ಯಲಹಂಕದಲ್ಲಿ, ಹೆಂಗಸರು ನಡೆಯಲು ಅಂಜುತ್ತಿದ್ದ ಓಣಿಯೊಂದಿತ್ತು. 2012ರಲ್ಲಿ ಈ ತಂಡದವರು ಅಲ್ಲಿ ಮೇಜು ಕುರ್ಚಿಗಳನ್ನಿಟ್ಟು, ದಾರಿಹೋಕರನ್ನು ಕರೆದು, ಚಹಾ ಸಮೋಸಗಳನ್ನು ಮುಂದಿಟ್ಟು ಮಾತನಾಡಿದರು. ಅಪರಿಚಿತರಾದ ಗಂಡು ಹೆಣ್ಣುಗಳು ಎದುರುಬದುರು ಕುಳಿತು ಭಯವಿಲ್ಲದೆ ಮಾತನಾಡಬಹುದೆಂಬುದನ್ನು ಆ ಓಣಿ ಕಂಡಿತು. 2014ರಲ್ಲಿ ಆರಂಭವಾದ ಇನ್ನೊಂದು ಕಾರ್ಯಕ್ರಮದಲ್ಲಿ ಮಹಿಳೆಯರು ಉದ್ಯಾನಗಳಲ್ಲಿ ಒಟ್ಟಿಗೆ ಸೇರಿ ನಿದ್ರಿಸಿದರು.

ಉದ್ಯಾನದಲ್ಲಿ ಮಲಗಿದ ಮಾತ್ರಕ್ಕೆ ಸಮಾನತೆ ಬಂದೀತೆ ಎಂದು ಕೆಲವರು ನಗಬಹುದು. ಆದರೆ ಒಂದು ಮಾತನ್ನು ಯೋಚಿಸಬೇಕು. ಮರದ ನೆರಳಿನಲ್ಲಿ ಟವೆಲ್ ಹಾಸಿ ನಿದ್ರಿಸುವ ಗಂಡಸನ್ನು ಎಲ್ಲರೂ ಕಂಡಿದ್ದಾರೆ. ಹಾಗೆ ನಿಶ್ಚಿಂತೆಯಿಂದ ಒಬ್ಬಳೇ ನಿದ್ರಿಸುವ ಹೆಂಗಸನ್ನು ಕಂಡವರು ವಿರಳ. ಈ ವ್ಯತ್ಯಾಸವನ್ನು ಯಾವ ಕಾನೂನೂ ಬರೆದಿಲ್ಲ, ಭಯವು ಬರೆದಿದೆ. ಕಾನೂನು ಅವಶ್ಯಕ. 2013ರ ತಿದ್ದುಪಡಿಯು ಹೆಣ್ಣನ್ನು ಹಿಂಬಾಲಿಸಿ ಪೀಡಿಸುವುದನ್ನು ಅಪರಾಧವೆಂದು ಸ್ಪಷ್ಟವಾಗಿ ಹೆಸರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಅಪರಾಧವೇ. ಆದರೆ ಕಾನೂನು ಅಪರಾಧವಾದ ಮೇಲೆ ಶಿಕ್ಷಿಸುತ್ತದೆ. ಕಲೆಯು ಅಪರಾಧವನ್ನು ಸಹಜವೆಂದು ಒಪ್ಪಿಕೊಳ್ಳುವ ಮನಸ್ಸನ್ನೇ ತಿದ್ದಲು ಯತ್ನಿಸುತ್ತದೆ. ಒಂದು ಇನ್ನೊಂದಕ್ಕೆ ಬದಲಾಗದು. ಎರಡೂ ಬಂಡಿಯ ಎರಡು ಗಾಲಿಗಳಂತೆ.

ಈ ಕಾರ್ಯವು ಹುಡುಗಿಯರದು ಮಾತ್ರವೆಂದು ಹುಡುಗರು ಭಾವಿಸಬಾರದು. ಸಹಪಾಠಿಯನ್ನು ಹೀಯಾಳಿಸುವ ಮಾತಿಗೆ ನಗದಿರುವುದು, ಹಾಗೆ ಆಡುವ ಗೆಳೆಯನನ್ನು ತಡೆಯುವುದು, ನೊಂದವಳ ಮಾತನ್ನು ನಂಬುವುದು ಇವೂ ಧೈರ್ಯದ ಕೆಲಸಗಳೇ. ಶಾಲೆಯ ವಾರ್ಷಿಕೋತ್ಸವದ ಒಂದು ಕಿರುನಾಟಕ, ಗೋಡೆ ಪತ್ರಿಕೆಯ ಒಂದು ಚಿತ್ರ, ಗ್ರಾಮಸಭೆಯಲ್ಲಿ ಬೀದಿದೀಪಕ್ಕಾಗಿ ಸಲ್ಲಿಸುವ ಒಂದು ಮನವಿ, ಇವುಗಳಿಂದಲೂ ಆರಂಭಿಸಬಹುದು. ಸ್ತ್ರೀಯರ ಗೌರವಕ್ಕೆ ಕುಂದು ತರುವ ಆಚರಣೆಗಳನ್ನು ತ್ಯಜಿಸುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯು ಹೇಳುತ್ತದೆ. ಹೆಣ್ಣುಮಗಳೊಬ್ಬಳು ಪುಸ್ತಕದ ಚೀಲವನ್ನು ಹೆಗಲಿಗೇರಿಸಿ, ಹಿಂದೆ ತಿರುಗಿ ನೋಡದೆ, ತಲೆಯೆತ್ತಿ ನಡೆಯಬಲ್ಲ ಬೀದಿಯೇ ಎಲ್ಲರ ಬೀದಿ. ಅಂತಹ ಬೀದಿಯನ್ನು ಕಟ್ಟುವ ಹೊಣೆ ಇಂದಿನ ತರುಣರದು.