ಎಂಜಿನ್ನಿನ ಉಸಿರುನಾಳ ಮತ್ತು ಚಳಿಗಾಲ

ಹೈದರಾಬಾದು ಹಿಮ ಬೀಳುವ ಊರಲ್ಲ. ಈ ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 6.1 ಡಿಗ್ರಿ ಸೆಲ್ಸಿಯಸ್. ಅದು 1946ರ ಜನವರಿ 8ರ ಮಾತು. ಹೀಗಿರುವಾಗ ಕಾರಿನ ಎಂಜಿನ್ನಿನೊಳಗೆ ಮಂಜುಗಡ್ಡೆ ಕಟ್ಟುವ ತೊಂದರೆಯನ್ನು ಕುರಿತು ಇಲ್ಲಿನ ವಾಹನ ಮಾಲೀಕರು ಏಕೆ ತಿಳಿಯಬೇಕೆಂಬ ಪ್ರಶ್ನೆ ಸಹಜ. ಇದಕ್ಕೆ ಎರಡು ಕಾರಣಗಳಿವೆ. ಬೆಂಗಳೂರಿನಿಂದ ಕರ್ನೂಲಿನ ಮೂಲಕ ಹೈದರಾಬಾದಿಗೆ ಬರುವ 44ನೆಯ ರಾಷ್ಟ್ರೀಯ ಹೆದ್ದಾರಿಯೇ ಮುಂದೆ ನಾಗಪುರ, ಝಾನ್ಸಿ, ದೆಹಲಿ, ಜಮ್ಮುಗಳನ್ನು ದಾಟಿ ಶ್ರೀನಗರವನ್ನು ಮುಟ್ಟುತ್ತದೆ. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಉದ್ಘಾಟನೆಗೊಂಡ ಮೇಲೆ ಲಾಹೌಲ್ ಪ್ರದೇಶವೂ ಚಳಿಗಾಲದಲ್ಲಿ ಕಾರಿಗೆ ಎಟುಕುವಂತಾಗಿದೆ. ದಕ್ಷಿಣದ ಬಿಸಿಲಿಗೆ ಒಗ್ಗಿದ ಕಾರು ನಾಲ್ಕಾರು ದಿನಗಳಲ್ಲಿ ಹೆಪ್ಪುಗಟ್ಟಿಸುವ ಚಳಿಯ ಬಾಯಿಗೆ ಬೀಳುವುದು ಇಂದು ವಿಶೇಷವೇನಲ್ಲ. ಎರಡನೆಯದಾಗಿ, ಅಲ್ಲಿ ಮಂಜುಗಡ್ಡೆಯಾಗುವ ತೇವಾಂಶವೇ ಇಲ್ಲಿಯೂ ಬೇರೊಂದು ರೂಪದಲ್ಲಿ ಎಂಜಿನ್ನನ್ನು ಕೆಡಿಸುತ್ತದೆ.

ತೇವಾಂಶ ಬರುವುದೆಲ್ಲಿಂದ? ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಅಷ್ಟೇ ಪ್ರಮಾಣದ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಇದರ ಬಹುಪಾಲು ಹೊಗೆಕೊಳವೆಯ ಮೂಲಕ ಹೊರಹೋಗುತ್ತದೆ. ಆದರೆ ಪಿಸ್ಟನ್ನಿನ ಉಂಗುರಗಳು ಎಷ್ಟೇ ಬಿಗಿಯಾಗಿದ್ದರೂ ಸಿಲಿಂಡರಿನ ಅನಿಲದ ಅಲ್ಪಭಾಗ ಅವುಗಳ ಸಂದಿನಿಂದ ಕೆಳಕ್ಕೆ, ಎಣ್ಣೆಯಿರುವ ಕ್ರ್ಯಾಂಕ್‌ಕೇಸಿನೊಳಕ್ಕೆ ನುಸುಳುತ್ತದೆ. ಇದರಲ್ಲಿ ನೀರಾವಿಯ ಜೊತೆಗೆ ಉರಿಯದ ಇಂಧನವೂ ಆಮ್ಲಜನಕವಾಗಬಲ್ಲ ಅಲ್ಲ, ಆಮ್ಲವನ್ನುಂಟುಮಾಡಬಲ್ಲ ಅನಿಲಗಳೂ ಇರುತ್ತವೆ. ಇದಕ್ಕೆ ಹೊರದಾರಿ ಇರಲೇಬೇಕು. ಕುಕ್ಕರಿನ ಆವಿನಳಿಗೆಯಲ್ಲಿ ಬೇಳೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ.

ಹಿಂದಿನ ಕಾರುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಯತ್ತ ಬಿಡಲಾಗುತ್ತಿತ್ತು. ಅದು ಪಟ್ಟಣದ ಗಾಳಿಯನ್ನು ಮಲಿನಗೊಳಿಸುವುದು ಮನವರಿಕೆಯಾದ ಬಳಿಕ, 1961ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅನಿಲವನ್ನು ಮರಳಿ ಎಂಜಿನ್ನಿಗೇ ಎಳೆಸಿ ಸುಡುವ ವ್ಯವಸ್ಥೆ ಬಂದಿತು. ಇದರ ಮುಖ್ಯ ಅಂಗವೇ ಪಿ.ಸಿ.ವಿ. ಕವಾಟ. ನಮ್ಮ ದೇಶದ ಭಾರತ್ ಸ್ಟೇಜ್ ಮಾನಕಗಳ ಪ್ರಕಾರವೂ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಅನಿಲ ಹೊರಗಾಳಿಗೆ ಸೇರುವಂತಿಲ್ಲ. ವರ್ಕ್‌ಶಾಪುಗಳಲ್ಲಿ ಬ್ರೀದರ್ ಪೈಪ್ ಎಂದು ಕರೆಯಲ್ಪಡುವ ಕೊಳವೆ ಈ ವ್ಯವಸ್ಥೆಯ ಭಾಗ. ಅದನ್ನು ಕಳಚಿ ನೆಲದತ್ತ ತಿರುಗಿಸಿಬಿಡುವ ಸುಲಭೋಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬಾರದು.

ಶ್ರೀನಗರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಾಲವನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ಆಗ ರಾತ್ರಿಯ ಉಷ್ಣತೆ ಶೂನ್ಯಕ್ಕಿಂತ ಕೆಳಗಿಳಿಯುವುದು ನಿತ್ಯದ ಸಂಗತಿ. ದ್ರಾಸ್‌ನಲ್ಲಿ ಜನವರಿಯ ರಾತ್ರಿಗಳು ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುವುದೂ ಅಪರೂಪವಲ್ಲ. ಇಂತಹ ಚಳಿಯಲ್ಲಿ ಎಂಜಿನ್ ಬೆಚ್ಚಗಾಗುವ ಮೊದಲೇ ಮತ್ತೆ ಮತ್ತೆ ನಿಲ್ಲಿಸುತ್ತಿದ್ದರೆ ನೀರಾವಿ ಬ್ರೀದರ್ ಪೈಪಿನ ತಣ್ಣನೆಯ ಗೋಡೆಯಲ್ಲಿ ಹನಿಗಟ್ಟುತ್ತದೆ. ಎಣ್ಣೆಯೊಡನೆ ಕಲೆತು ಮಜ್ಜಿಗೆಯ ಬಣ್ಣದ ಕೆನೆಯಾಗುತ್ತದೆ. ರಾತ್ರಿ ಕಳೆಯುವುದರೊಳಗೆ ಆ ಕೆನೆ ಹೆಪ್ಪುಗಟ್ಟಿ ಕೊಳವೆಗೆ ಬಿರಡೆ ಹಾಕಿದಂತಾಗುತ್ತದೆ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದಾಗ ಒಳಗಿನ ಅನಿಲಕ್ಕೆ ದಾರಿಯಿರುವುದಿಲ್ಲ. ಒತ್ತಡ ಏರಿ ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಮೇಲಕ್ಕೆ ಚಿಮ್ಮಬಹುದು, ಆಯಿಲ್ ಸೀಲುಗಳು ಜರುಗಿ ಎಣ್ಣೆ ಹೊರಚೆಲ್ಲಬಹುದು. ಗಮನಿಸದೆ ಓಡಿಸಿದರೆ ಎಣ್ಣೆಯಿಲ್ಲದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಜಾಮ್ ಆಗುತ್ತದೆ. ಬಿರಡೆಯಾದುದು ಚಮಚದಷ್ಟು ನೀರು. ಆದ ನಷ್ಟ ಇಡೀ ಎಂಜಿನ್ನಿನದು. ಶೀತದೇಶಗಳಿಗೆಂದು ತಯಾರಾಗುವ ಕೆಲವು ಕಾರುಗಳಲ್ಲಿ ಈ ಕೊಳವೆಯನ್ನು ಬೆಚ್ಚಗಿಡುವ ಏರ್ಪಾಡು ಇರುವುದು ಈ ಕಾರಣದಿಂದಲೇ.

ಹೈದರಾಬಾದಿನಲ್ಲಿ ಹೆಪ್ಪುಗಟ್ಟುವಿಕೆ ಇಲ್ಲ, ಕೆನೆ ಮಾತ್ರ ಉಂಟು. ಮಳೆಗಾಲದಲ್ಲಿಯೂ ಡಿಸೆಂಬರ್ ಜನವರಿಯ ಮುಂಜಾವುಗಳಲ್ಲಿಯೂ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಎರಡು ಮೂರು ಕಿಲೋಮೀಟರಿನ ಓಡಾಟಕ್ಕೆ ಮಾತ್ರ ಬಳಸುವ ಕಾರುಗಳಲ್ಲಿ ಇದು ಹೆಚ್ಚು. ಎಣ್ಣೆ ತುಂಬುವ ಮುಚ್ಚಳವನ್ನು ತೆರೆದು ನೋಡಿದರೆ ಒಳಬದಿಯಲ್ಲಿ ಹಾಲು ಬೆರೆತ ಕಾಫಿಯಂತಹ ಲೇಪ ಕಾಣುತ್ತದೆ. ಬಿಸಿ ಪ್ರದೇಶದ ಕೆಲವು ಮೆಕ್ಯಾನಿಕರು ಎಂಜಿನ್ ಕಾಯುವುದೆಂಬ ಭಯದಿಂದ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ರೂಢಿಯುಂಟು. ಬೇಸಿಗೆಯಲ್ಲಿ ಇದು ಹಿತವೆನಿಸಿದರೂ ವಾಸ್ತವದಲ್ಲಿ ಅಹಿತವೇ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಗ ಬಿಸಿಯಾಗದು, ಬಿಸಿಯಾಗದ ಎಣ್ಣೆಯಿಂದ ನೀರು ಆವಿಯಾಗಿ ಹೋಗದು. ಅಂತಹ ಕಾರನ್ನು ಉತ್ತರದ ಚಳಿಗೆ ಕೊಂಡೊಯ್ಯುವವರು ಮೊದಲು ಥರ್ಮೋಸ್ಟಾಟನ್ನು ಮರಳಿ ಹಾಕಿಸಿಕೊಳ್ಳುವುದು ಅಗತ್ಯ. ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಅದನ್ನೂ ಬದಲಿಸಿ, ತಯಾರಕರು ಹೇಳಿದ ಕೂಲಂಟನ್ನು ತುಂಬಿಸಬೇಕು.

ಕೆನೆ ಕಂಡಕೂಡಲೇ ಗಾಬರಿಯಾಗಬೇಕಿಲ್ಲ, ಅಲಕ್ಷಿಸಲೂ ಬಾರದು. ಮುಚ್ಚಳದಲ್ಲಿ ಮಾತ್ರ ಕೆನೆಯಿದ್ದು, ಡಿಪ್‌ಸ್ಟಿಕ್ಕಿನ ಎಣ್ಣೆ ಸ್ವಚ್ಛವಾಗಿದ್ದು, ಕೂಲಂಟಿನ ಮಟ್ಟವೂ ಇಳಿಯದಿದ್ದರೆ ಅದು ಬಹುತೇಕ ತೇವಾಂಶದ ಫಲ. ಡಿಪ್‌ಸ್ಟಿಕ್ಕಿನಲ್ಲಿಯೂ ಎಣ್ಣೆ ಬೆಳ್ಳಗಾಗಿದ್ದರೆ ಅಥವಾ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರಿರುವ ಸಂಭವವಿದೆ. ಅಂತಹ ಕಾರನ್ನು ಓಡಿಸಬಾರದು. ಇನ್ನೊಂದು ಎಚ್ಚರಿಕೆಯೂ ಬೇಕು. ಮುಚ್ಚಳ ತೆರೆದಾಗ ಹೊಗೆಯಾಡಿದರೆ "ಬ್ಯಾಕ್ ಕಂಪ್ರೆಷನ್ ಬಂದಿದೆ, ಎಂಜಿನ್ ಬಿಚ್ಚಬೇಕು" ಎಂದು ತೀರ್ಪು ಕೊಡುವವರಿದ್ದಾರೆ. ಉಂಗುರಗಳು ಸವೆದಿದ್ದರೆ ಆ ಮಾತು ನಿಜವೇ. ಆದರೆ ಉಸಿರುನಾಳ ಕಟ್ಟಿಕೊಂಡಿದ್ದರೂ ಲಕ್ಷಣ ಹಾಗೆಯೇ ಕಾಣುತ್ತದೆ. ಆದುದರಿಂದ ಮೊದಲು ಕವಾಟ ಮತ್ತು ಕೊಳವೆಗಳನ್ನು ಪರೀಕ್ಷಿಸಿ, ಬಳಿಕ ಕಂಪ್ರೆಷನ್ ಅಳೆಯಿಸಿ, ಅನಂತರವೇ ದೊಡ್ಡ ಖರ್ಚಿನ ಮಾತೆತ್ತುವುದು ವಿವೇಕ.

ಪರೀಕ್ಷೆ ಕಠಿಣವಲ್ಲ. ಅನೇಕ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಎಣ್ಣೆ ತುಂಬುವ ಬಾಯಿಯ ಮೇಲೆ ದಪ್ಪ ಕಾಗದವೊಂದನ್ನು ಇಟ್ಟರೆ ಅದು ಮೆಲ್ಲಗೆ ಒಳಕ್ಕೆ ಸೆಳೆಯಲ್ಪಡಬೇಕು. ಕಾಗದ ಮೇಲಕ್ಕೆ ಹಾರಿದರೆ ದಾರಿ ಕಟ್ಟಿದೆಯೆಂಬ ಸಂಶಯಕ್ಕೆ ಆಸ್ಪದವಿದೆ. ಬಿಚ್ಚಬಹುದಾದ ಹಳೆಯ ಮಾದರಿಯ ಕವಾಟವನ್ನು ಕಿವಿಯ ಬಳಿ ಅಲುಗಿಸಿದರೆ ಒಳಗಿನ ಬೆಣೆ ಗಲಗಲ ಸದ್ದು ಮಾಡಬೇಕು. ಹೊಸ ಕಾರುಗಳಲ್ಲಿ ಕವಾಟವನ್ನು ಮೇಲುಹೊದಿಕೆಯೊಳಗೇ ಅಡಗಿಸಿರುವುದರಿಂದ ಅದನ್ನು ತಿಳಿದವರೇ ನೋಡಬೇಕು.

ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಕಾರನ್ನು ಎಡೆಬಿಡದೆ ಓಡಿಸಿದರೆ ಎಣ್ಣೆಯಲ್ಲಿ ನೆಲೆಸಿದ ನೀರು ಬಹುಮಟ್ಟಿಗೆ ಆರಿಹೋಗುತ್ತದೆ. ನಿಂತಲ್ಲಿಯೇ ಎಂಜಿನ್ ತಿರುಗಿಸುತ್ತಿರುವುದರಿಂದ ಈ ಫಲ ದೊರೆಯದು. ಇಂಧನ ವ್ಯರ್ಥವಾಗಿ ತೇವವೇ ಹೆಚ್ಚುತ್ತದೆ. ಬೆಟ್ಟದ ಚಳಿಯಲ್ಲಿ ಡಿಪ್‌ಸ್ಟಿಕ್ ಮೇಲೆದ್ದಿರುವುದು ಅಥವಾ ಕಾರಿನಡಿ ಎಣ್ಣೆ ತೊಟ್ಟಿಕ್ಕುವುದು ಕಂಡುಬಂದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಬೇಕು. ಕೊಳವೆಯ ಮೇಲೆ ಕುದಿಯುವ ನೀರನ್ನು ಸುರಿಯುವುದಾಗಲಿ ಬೆಂಕಿ ಹಿಡಿಯುವುದಾಗಲಿ ಸಲ್ಲದು. ಕಾರನ್ನು ತಳ್ಳಿಯಾದರೂ ಮುಚ್ಚಿದ ಶೆಡ್ಡಿಗೆ ಸೇರಿಸಿ, ಮಂಜು ತಾನಾಗಿ ಕರಗಿದ ಮೇಲೆ ಕೊಳವೆಯನ್ನು ಬಿಚ್ಚಿ ಒರೆಸಿ, ಎಣ್ಣೆಯ ಮಟ್ಟವನ್ನು ಸರಿಪಡಿಸಿಯೇ ಮರಳಿ ಚಾಲೂ ಮಾಡತಕ್ಕದ್ದು.